ಮಗಳ ಕೈಮಾತು

ನನ್ನನ್ನು ನರ್ಸ್ ಕೆಲಸಕ್ಕೆ ಕಳಿಸಿದವರು ನನ್ನ ಅತ್ತೆ. ಹೀಗೆಂದರೆ ಯಾರೂ ನಂಬುವುದಿಲ್ಲ. ಗಂಡ ಸತ್ತ ಸೊಸೆಯನ್ನು ಮೂಲೆಗೆ ಕೂರಿಸಿದ ಅತ್ತೆಯರನ್ನು ಎಲ್ಲರೂ ಕಂಡಿದ್ದಾರೆ. ಸೊಸೆಯ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಸ್ಸಿನವರೆಗೂ ನಡೆದು ಬಂದ ಅತ್ತೆಯನ್ನು ನಾನೊಬ್ಬಳೇ ಕಂಡಿರಬೇಕು.

ನಮ್ಮ ಊರು ಕಂಪಲಾಪುರದಿಂದ ಒಳದಾರಿಯಲ್ಲಿ ನಡೆದು ಹೋಗಬೇಕಾದ ಒಂದು ಚಿಕ್ಕ ಹಳ್ಳಿ. ಕುರಿ ಸಾಕಿ ಕಂಬಳಿ ನೇಯುವ ಮನೆ ನಮ್ಮದು. ಅತ್ತೆ ಉಣ್ಣೆ ನೂಲುತ್ತಿದ್ದರು, ನನ್ನ ಗಂಡ ನೇಯುತ್ತಿದ್ದರು. ಮಗಳು ಹುಟ್ಟುವಾಗ ನನಗೆ ಹೆರಿಗೆ ಕಷ್ಟವಾಗಿ, ಊರಿನ ಸೂಲಗಿತ್ತಿ ಕೈಚೆಲ್ಲಿ ಕೂತಾಗ, ಗಂಡ ಗಾಡಿ ಕಟ್ಟಿಕೊಂಡು ಹೋಗಿ ಪಿರಿಯಾಪಟ್ಟಣದ ಆಸ್ಪತ್ರೆಯ ನರ್ಸಮ್ಮನನ್ನು ಕರೆತಂದರು. ಆಕೆ ಮೈಸೂರಿನ ಕಡೆಯ ಕ್ರೈಸ್ತ ಹೆಂಗಸು. ಬಿಳಿ ಸೀರೆ, ಕಾಲಲ್ಲಿ ಚಪ್ಪಲಿ. ಅಂಗಳದಲ್ಲಿ ಕೂತಿದ್ದ ಗಂಡಸರನ್ನೆಲ್ಲ ಎಬ್ಬಿಸಿ ನೀರು ಕಾಯಿಸಲು ಅಟ್ಟಿದರಂತೆ. ಊರಿನ ಯಜಮಾನರೂ ಮಾತಾಡದೆ ಸೌದೆ ಒಡೆದು ಕೊಟ್ಟರಂತೆ. ಅತ್ತೆ ಬಾಗಿಲ ಪಕ್ಕ ನಿಂತು ಆ ಹೆಂಗಸಿನ ಕೈಯನ್ನೇ ನೋಡುತ್ತಿದ್ದರು. ನಾನೂ ಉಳಿದೆ, ಮಗುವೂ ಉಳಿಯಿತು.

ಮಗು ನೆಟ್ಟಗೆ ಹೆಜ್ಜೆ ಇಡುವ ಮೊದಲೇ ಗಂಡ ಚಳಿಜ್ವರದಲ್ಲಿ ತೀರಿಕೊಂಡರು. ನಮ್ಮಲ್ಲಿ ಗಂಡ ಸತ್ತವಳಿಗೆ ಕೂಡಿಕೆ ಮಾಡುವ ಪದ್ಧತಿ ಉಂಟು. ನನ್ನ ತವರಿನವರು ಕೃಷ್ಣರಾಜನಗರದ ಕಡೆಯ ಒಬ್ಬ ಗಂಡನ್ನು ಗೊತ್ತುಮಾಡಿಕೊಂಡು ಬಂದರು. ನಾಲೆ ನೀರಿನ ಗದ್ದೆ ಇದ್ದವನು, ನನಗಿಂತ ದೊಡ್ಡ ಮಕ್ಕಳಿದ್ದವನು. ಮಗು ಇಲ್ಲೇ ಉಳಿಯಬೇಕು, ನಾನು ಅಲ್ಲಿಗೆ ಹೋಗಬೇಕು. ಅತ್ತೆ ಎಲ್ಲ ಕೇಳಿಸಿಕೊಂಡು, ಬಂದವರಿಗೆ ಮಜ್ಜಿಗೆ ಕೊಟ್ಟು, "ಹಬ್ಬ ಕಳೀಲಿ, ನೋಡವ" ಎಂದು ಕಳಿಸಿದರು. ಮುಂದಿನ ಸಂತೆಯ ದಿನ ನನ್ನನ್ನೂ ಮಗುವನ್ನೂ ಕರೆದುಕೊಂಡು ನೇರ ಪಿರಿಯಾಪಟ್ಟಣದ ಆಸ್ಪತ್ರೆಗೆ ನಡೆದರು.

"ನರ್ಸಮ್ಮಾವ್ರೇ, ಈ ಕೆಲ್ಸವ ನನ್ ಸೊಸೆಗೂ ಕಲಿಸ್ಕೊಡಿ" ಎಂದರು.

ನರ್ಸಮ್ಮ ನಕ್ಕರು. "ಇದೇನು ನೂಲು ತೆಗೆದ ಹಾಗೆ ಅಂದ್ಕೊಂಡ್ರಾ? ಓದು ಬರಹ ಬರಬೇಕು. ಮೈಸೂರಿನ ಆಸ್ಪತ್ರೇಲಿ ಇದ್ದುಕೊಂಡು ಕಲೀಬೇಕು."

"ಓದು ತಾನೆ? ಬರ್ದೆ ಇದ್ರೆ ಬರಿಸ್ತೀನಿ ಬುಡಿ."

"ಮಗು ಇದೆಯಲ್ಲಮ್ಮ ಇವಳಿಗೆ?"

"ಮಗ ನಂದು ಕಣ್ರವ್ವ. ಈ ಕೂಸಿನ ಅಪ್ಪನ್ನೂ ನಾನೇ ಅಲ್ವಾ ಸಾಕಿದ್ದು?"

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ 'ಅತ್ತೆ ಹೇಳಿದ ಹಾಗೆ' ಎನ್ನುತ್ತಿದ್ದೆ. ಆದರೆ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಆ ಆಸ್ಪತ್ರೆಯ ಸುಣ್ಣದ ಗೋಡೆ, ಗಾಜಿನ ಬೀರು, ನರ್ಸಮ್ಮನ ಮೇಜಿನ ಮೇಲೆ ಹೊಳೆಯುತ್ತಿದ್ದ ಕತ್ತರಿ ಎಲ್ಲವನ್ನೂ ನೋಡುತ್ತ ನಿಂತಾಗ, ಇಲ್ಲಿಗೆ ಬರಬೇಕು ಎಂಬ ಆಸೆ ಹೊಟ್ಟೆಯೊಳಗೆ ಹಸಿವಿನ ಹಾಗೆ ಎದ್ದಿತ್ತು. ಮುಂದೆ ಎಷ್ಟೋ ವರ್ಷ, ಅತ್ತೆಯ ಹಠಕ್ಕಾಗಿ ಹೋದೆ ಎಂದೇ ಹೇಳಿಕೊಂಡು ತಿರುಗಿದೆ. ಆ ಆಸೆ ನನ್ನದೇ ಆಗಿತ್ತು.

ಊರಿನ ಶಾಲೆಯಲ್ಲಿ ಚಿಕ್ಕ ಮಕ್ಕಳ ಹಿಂದೆ ಕೂತು ಅಕ್ಷರ ಕಲಿತೆ. ಮೇಷ್ಟ್ರಿಗೆ ನನ್ನ ಮುಖ ನೋಡಲು ಸಂಕೋಚ. ಅವರು ಗೋಡೆಯ ಕಡೆ ತಿರುಗಿಕೊಂಡು ನನಗೆ ಪಾಠ ಹೇಳುತ್ತಿದ್ದರು. ಯಾರೂ ಏನೂ ಆಡಿಕೊಳ್ಳಬಾರದೆಂದು ಅತ್ತೆ ಶಾಲೆಯ ಜಗಲಿಯ ಮೇಲೆಯೇ ಉಣ್ಣೆ ಬುಟ್ಟಿ ಇಟ್ಟುಕೊಂಡು ನೂಲುತ್ತ ಕೂರುತ್ತಿದ್ದರು. ಮಗು ಅವರ ಸುತ್ತ ಆಡುತ್ತಿತ್ತು. ಒಳಗೆ ಮಕ್ಕಳು ಕೂಗಿ ಹೇಳುವ ಮಗ್ಗಿಯನ್ನು ಅದೂ ತೊದಲುತ್ತ ಕೂಗುತ್ತಿತ್ತು. ಆಗ ಅದಕ್ಕೆ ಚೆನ್ನಾಗಿ ಕಿವಿ ಕೇಳುತ್ತಿತ್ತು. ಅದನ್ನು ನೆನೆಸಿಕೊಳ್ಳಲು ನನಗೆ ಇರುವುದು ಆ ಜಗಲಿಯ ಸದ್ದೊಂದೇ.

ನರ್ಸಮ್ಮ ಶಿಫಾರಸು ಮಾಡಿದರು. ಸರ್ಕಾರದ ಖರ್ಚಿನಲ್ಲೇ ಕಲಿಯಲು ಜಾಗ ಸಿಕ್ಕಿತು. ಹೊರಟ ದಿನ ಮಗು ಅತ್ತೆಯ ಸೊಂಟದಲ್ಲಿತ್ತು. "ಬೇಗ ಬತ್ತೀನಿ ಕಣ್ ಮಗ" ಎಂದೆ. ಅದು ಬಸ್ಸನ್ನು ನೋಡುವ ಸಂಭ್ರಮದಲ್ಲಿ "ಬಾ, ಬಾ" ಎಂದು ಬಸ್ಸನ್ನೇ ಕರೆಯಿತು.

ಮೈಸೂರು ನನಗೆ ಹಿಡಿಸಿತು. ಇದನ್ನು ಬರೆಯುವಾಗ ಇವತ್ತಿಗೂ ಕೈ ಹಿಂಜರಿಯುತ್ತದೆ. ನನಗೇ ಎಂದು ಒಂದು ಕಬ್ಬಿಣದ ಮಂಚ. ನಲ್ಲಿ ತಿರುಗಿಸಿದರೆ ನೀರು. ಹೊಕ್ಕುಳ ಬಳ್ಳಿ ಕಟ್ಟುವುದನ್ನು ನಾನು ಮೊದಲ ಸಲ ಸರಿಯಾಗಿ ಮಾಡಿದಾಗ ಡಾಕ್ಟರಮ್ಮ ಎಲ್ಲರ ಎದುರು ಶಹಭಾಸ್ ಎಂದರು. ಅವತ್ತು ನಾನು ಊಟದ ಹೊತ್ತಿನವರೆಗೂ ನೆಲದ ಮೇಲೆ ನಡೆಯಲಿಲ್ಲ. ಮೊದಮೊದಲು ವಾರ್ಡಿನಲ್ಲಿ ಯಾವ ಮಗು ಅತ್ತರೂ ನನ್ನದೇ ಅನ್ನಿಸುತ್ತಿತ್ತು. ಆಮೇಲಾಮೇಲೆ ಹಾಗನ್ನಿಸುವುದು ನಿಂತಿತು. ಕೆಲವು ದಿನ ಸಂಜೆಯಾದ ಮೇಲೆ, ಇವತ್ತು ಮಗಳ ನೆನಪೇ ಆಗಲಿಲ್ಲವಲ್ಲ ಎಂದು ಬೆಚ್ಚಿ ಬೀಳುತ್ತಿದ್ದೆ.

ನಮ್ಮ ಕಡೆಯಿಂದ ಕಂಬಳಿ ಮಾರಲು ಬರುವವರು ಅತ್ತೆಯ ಮಾತನ್ನು ತರುತ್ತಿದ್ದರು. ಎಲ್ಲ ಸಲವೂ ಒಂದೇ ಮಾತು: "ಕೂಸು ಆಡ್ಕಂಡದೆ, ನೀ ಕಲ್ತ್ಕಂಡು ಬಾ." ಒಂದು ಸಲ ನಾನು ರಜೆ ಕೇಳಿಕೊಂಡು ಹೊರಡುವ ಯೋಚನೆಯಲ್ಲಿದ್ದಾಗ ಬೇರೆ ಮಾತು ಬಂತು. "ಈಗ ಬರ್ಬ್ಯಾಡ್ವಂತೆ. ಬಂದು ಮತ್ತೆ ಹೊಂಟ್ರೆ ಕೂಸು ಅಳ್ತದೆ, ಪೂರ ಮುಗಿಸ್ಕಂಡೇ ಬರ್ಲಿ ಅಂದವ್ರೆ." ನನಗೆ ಬೇಸರವಾಗಬೇಕಿತ್ತು. ಆದದ್ದು ನಿರಾಳ. ಆ ವಾರ ನನಗೆ ಪರೀಕ್ಷೆಯ ಓದಿತ್ತು.

ಕಲಿಕೆ ಮುಗಿಸಿ ಊರಿಗೆ ಬಂದೆ. ಮಗಳು ಅಂಗಳದಲ್ಲಿ ನನಗೆ ಬೆನ್ನು ಹಾಕಿ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಎಷ್ಟು ಎತ್ತರವಾಗಿದ್ದಳು! ಬೇಲಿಯ ಹೊರಗಿನಿಂದಲೇ "ಮಗಾ" ಎಂದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಕುರಿಮರಿ ತಲೆ ಎತ್ತಿತು, ಅವಳು ಎತ್ತಲಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತರು. ನನ್ನನ್ನೂ ಅವಳನ್ನೂ ನೋಡಿ ಒಳಗೆ ಹೋದರು.

ಸಿಟ್ಟಾಗಿದ್ದಾಳೆ ಎಂದುಕೊಂಡೆ. ಸಿಟ್ಟಾಗಲಿ, ಆಗಬೇಕಾದದ್ದೇ. ಪಕ್ಕ ಕೂತು ಮಾತಾಡಿಸಿದೆ, ಮೈಸೂರಿನ ಬಣ್ಣದ ಬುಗುರಿ ತೋರಿಸಿದೆ. ಬುಗುರಿ ತೆಗೆದುಕೊಂಡು ಅಜ್ಜಿಯ ಹಿಂದೆ ಹೋದಳು. ಮಾರನೆಯ ದಿನವೂ ನನ್ನ ಮಾತಿಗೆ ಒಂದು ಹೂಂ ಇಲ್ಲ. ಇಷ್ಟು ಚಿಕ್ಕ ಮಗು ಇಷ್ಟು ಗಟ್ಟಿಯಾಗಿ ಹಗೆ ಸಾಧಿಸುತ್ತದೆಯೇ ಎಂದು ಆಶ್ಚರ್ಯಪಟ್ಟೆ. ನಾನು ಕೈ ತಪ್ಪಿ ತಾಮ್ರದ ಬಿಂದಿಗೆಯನ್ನು ಅವಳ ಹಿಂದೆಯೇ ಕಲ್ಲು ಚಪ್ಪಡಿಯ ಮೇಲೆ ಬೀಳಿಸಿದೆ. ಮನೆಯೆಲ್ಲ ಗಲ್ಲೆಂದಿತು. ಕೊಟ್ಟಿಗೆಯ ಕೋಳಿಗಳು ಹಾರಿದವು. ಅವಳು ಬುಗುರಿಗೆ ದಾರ ಸುತ್ತುತ್ತಲೇ ಇದ್ದಳು.

ನಾನು ಹಸುಗೂಸುಗಳನ್ನು ಪರೀಕ್ಷಿಸಿ ನೋಡಲು ಕಲಿತು ಬಂದವಳು. ಅವಳ ಹಿಂದೆ ಕೂತು ಚಪ್ಪಾಳೆ ತಟ್ಟಿದೆ. ಕಿವಿಯ ಪಕ್ಕ, ಮತ್ತೂ ಹತ್ತಿರ. ಆಮೇಲೆ ಅತ್ತೆಯ ಕಡೆ ತಿರುಗಿದೆ.

"ಯಾವಾಗ ಆಯ್ತು ಅತ್ತೆ?"

"ಜ್ವರ ಬಂದಿತ್ತು. ಮೈ ಕೆಂಡ. ಪಿರಿಯಾಪಟ್ಣಕ್ಕೆ ಬೆನ್ ಮ್ಯಾಲ್ ಎತ್ಕಂಡೋದೆ. ಆ ನರ್ಸಮ್ಮನ್ನ ಆಗ್ಲೇ ಬ್ಯಾರೆ ಊರ್ಗೆ ಆಕಿದ್ರು. ಡಾಕ್ಟ್ರು ಅವ್ಸ್ದಿ ಕೊಟ್ರು, ಜ್ವರ ಬುಡ್ತು. ಕಿವಿ ಓಯ್ತು."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಹೇಳಿದ್ರೆ ನೀ ಓದ್ ಬುಟ್ಟು ಬಂದ್ ಬುಡ್ತಿದ್ದೆ."

"ಬರ್ತಿದ್ದೆ! ಬರ್ಬಾರ್ದಾ?"

"ಬಂದು ಏನ್ ಮಾಡೀಯೇ? ನಾನ್ ಮಾಡಿದ್ದನ್ನೇ ನೀನೂ ಮಾಡ್ತಿದ್ದೆ. ಆಮ್ಯಾಕೆ ನಾವಿಬ್ರೂ ಇಲ್ಲೇ ಕುಂತ್ಕತಿದ್ದೋ, ಕೂಸಿಗೆ ಗತಿ ಇಲ್ದೆ." ಅವರು ಅಷ್ಟು ಗಟ್ಟಿಯಾಗಿ ಹೇಳಿ, ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು. "ನನ್ ಕೈಯಾಗೇ ಓಯ್ತಲ್ಲವ್ವ. ನಿಂಗೆ ಯಾವ್ ಮುಖದಲ್ಲಿ ಹೇಳಿ ಕಳಿಸ್ಲಿ?"

ಬರಬೇಡ ಎಂಬ ಮಾತು ಬಂದಿತ್ತಲ್ಲ, ಜ್ವರ ಬಂದದ್ದು ಆ ದಿನಗಳಲ್ಲೇ. ನಾನು ಪರೀಕ್ಷೆಯ ಓದಿನಲ್ಲಿ ನಿರಾಳವಾಗಿದ್ದ ದಿನಗಳಲ್ಲಿ. ಅತ್ತೆಯ ಮೇಲೆ ಸಿಟ್ಟು ಮಾಡಲು ಬಾಯಿ ತೆರೆದಾಗಲೆಲ್ಲ ಅದು ಅಡ್ಡ ಬರುತ್ತಿತ್ತು.

ನನಗೆ ಹೆಗ್ಗಡದೇವನಕೋಟೆಯ ಆಸ್ಪತ್ರೆಯಲ್ಲಿ ಕೆಲಸವಾಯಿತು. ಮನೆ, ಕುರಿಗಳನ್ನು ನನ್ನ ಗಂಡನ ಅಣ್ಣನಿಗೆ ಬಿಟ್ಟು ಅತ್ತೆಯೂ ಮಗಳೂ ನನ್ನ ಜೊತೆ ಬಂದರು. ಅಲ್ಲಿ, ಒಂದೇ ಸೂರಿನ ಕೆಳಗೆ ಇದ್ದಾಗ, ನನಗೆ ಇನ್ನೊಂದು ಗೊತ್ತಾಯಿತು. ನಾನು ಮೈಸೂರಿನಲ್ಲಿದ್ದ ಎರಡು ವರ್ಷದಲ್ಲಿ ಅಜ್ಜಿ ಮೊಮ್ಮಗಳು ಸೇರಿ ಒಂದು ಭಾಷೆಯನ್ನೇ ಮಾಡಿಕೊಂಡಿದ್ದರು. ಎಲ್ಲ ಕೈಯಲ್ಲಿ. ಗಲ್ಲದ ಕೆಳಗೆ ಬೆರಳು ಅಲ್ಲಾಡಿಸಿದರೆ ಮೇಕೆ. ಅಂಗೈ ಉಜ್ಜಿದರೆ ರೊಟ್ಟಿ. ಹೆಬ್ಬೆರಳು ತೋರುಬೆರಳನ್ನು ನೂಲು ತೆಗೆದ ಹಾಗೆ ಹೊಸೆದರೆ ಅಜ್ಜಿ. ಇಬ್ಬರೂ ಒಲೆಯ ಮುಂದೆ ಕೂತು ಆ ಭಾಷೆಯಲ್ಲಿ ಜಗಳವಾಡುತ್ತಿದ್ದರು, ನಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು, "ಏನಂತೆ ಅತ್ತೆ?" ಎಂದು ಕೇಳಬೇಕಾಗಿತ್ತು.

"ನಾನು ಅಂದ್ರೆ ಏನ್ ಮಾಡ್ತಾಳೆ ಅತ್ತೆ?" ಎಂದು ಒಂದು ದಿನ ಕೇಳಿದೆ.

ಅತ್ತೆ ಹೇಳಲು ಇಷ್ಟಪಡಲಿಲ್ಲ. ನಾನು ಬಿಡಲಿಲ್ಲ. ಅವರು ಭುಜಕ್ಕೆ ಚೀಲ ಹಾಕಿಕೊಂಡಂತೆ ಮಾಡಿ, ಕೈಯನ್ನು ದೂರಕ್ಕೆ ಬೀಸಿ ತೋರಿಸಿದರು. ಹೊರಟು ಹೋದವಳು.

"ಅವಳ್ಗೆ ನಿನ್ನ ಮರೀದಿರ್ಲಿ ಅಂತ ನಾನೇ ಕಲಿಸಿದ್ದು ಕಣವ್ವ. ಬ್ಯಾರೆ ಎಂಗ್ ತೋರಿಸ್ಲಿ?" ಎಂದರು.

ಕೋಟೆ ಎಂದೇ ಎಲ್ಲರೂ ಕರೆಯುವ ಆ ಊರಿನಲ್ಲಿ ನನಗೆ ಕೆಲಸ ಬಹಳ. ಕಾಕನಕೋಟೆಯ ಕಾಡಂಚಿನ ಹಾಡಿಗಳಿಂದಲೂ ಕರೆ ಬರುತ್ತಿತ್ತು. ಬರುವವರು ಮೊದಲು ಅಂಗಳದ ಆಚೆಯೇ ನಿಂತು ಕೆಮ್ಮುತ್ತಿದ್ದರು, ನಾನು ಹೊರಗೆ ಬಂದು ನೋಡುವವರೆಗೂ ಕೂಗುತ್ತಿರಲಿಲ್ಲ. ನಾನು ಚೀಲ ಭುಜಕ್ಕೆ ಹಾಕುವುದನ್ನು ಮಗಳು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಆಗ ಆರೇಳು ವರ್ಷ. ಓರಗೆಯ ಮಕ್ಕಳು ಅವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಅಲ್ಲಿನ ಶಾಲೆಯ ಮೇಷ್ಟ್ರು, "ಕೂರಿಸ್ಕೋಬಹುದು ಅಮ್ಮ, ಆದರೆ ಏನು ಕಲಿಸಲಿ?" ಎಂದು ಕೈ ಮುಗಿದರು.

ಆ ವೇಳೆಗೆ ಪಿರಿಯಾಪಟ್ಟಣದ ಆ ನರ್ಸಮ್ಮ ಕೃಷ್ಣರಾಜನಗರದಲ್ಲಿದ್ದರು. ಒಮ್ಮೆ ರಜೆಯಲ್ಲಿ ನನ್ನನ್ನು ನೋಡಲು ಬಂದರು. ಮಗಳನ್ನು ಎದುರಿಗೆ ಕೂರಿಸಿಕೊಂಡು ತುಂಬ ಹೊತ್ತು ಆಡಿಸಿದರು. "ಈ ಹುಡುಗಿ ಜಾಣೆ. ಮೈಸೂರಿನಲ್ಲಿ ಕಣ್ಣಿಲ್ಲದವರಿಗೂ ಕಿವುಡು ಮಕ್ಕಳಿಗೂ ಸೇರಿ ಒಂದು ಶಾಲೆ ಇದೆ. ತುಟಿ ನೋಡಿ ಮಾತು ತಿಳಿಯೋದು ಕಲಿಸ್ತಾರೆ, ಓದು ಕಲಿಸ್ತಾರೆ, ಕೈಕೆಲಸ ಕಲಿಸ್ತಾರೆ. ಅಲ್ಲೇ ಊಟ, ಅಲ್ಲೇ ವಾಸ. ನಾನು ಮಾತಾಡ್ತೀನಿ" ಎಂದರು.

ಅವರು ಹೋದ ಮೇಲೆ ಅತ್ತೆ ನನ್ನ ಮೇಲೆ ಹರಿಹಾಯ್ದರು. ಅಷ್ಟು ಕೋಪವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

"ಮಾತ್ ಬರ್ದಿರೋ ಕೂಸ ಬುಟ್ಟು ಬತ್ತೀಯಾ?"

"ನನ್ನ ಕಳಿಸಿದ್ದು ನೀವೇ ಅಲ್ವಾ ಅತ್ತೆ?"

"ನಿಂಗೆ ಬಾಯಿತ್ತು, ಕಿವಿ ಇತ್ತು. ಎಲ್ಲಿಗ್ ಓಯ್ತಾ ಇವ್ನಿ, ಯಾವಾಗ್ ಬತ್ತೀನಿ ಅಂತ ನಿಂಗ್ ಗೊತ್ತಿತ್ತು. ಇವಳ್ಗೆ ಎಂಗ್ ಹೇಳೀಯೇ? ಅವ್ವ ಬುಟ್ಟು ಓದ್ಳು ಅಂತ್ಲೇ ತಿಳ್ಕತದೆ ಕೂಸು. ನಾಳೆ ಬತ್ತೀನಿ ಅಂತ ಹೇಳಕೆ ನನ್ ಕೈಗೇ ಬರಲ್ಲ, ನಿನ್ ಕೈಗೆ ಬತ್ತದಾ?"

ಆದರೂ ಕಳಿಸುವುದೇ ಎಂದು ನಿಶ್ಚಯಿಸಿದೆ. ನಾವು ಸತ್ತ ಮೇಲೆ ಇವಳು ಯಾರ ಮನೆಯ ಕಸ ಬಳಿದುಕೊಂಡಿರಬೇಕು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಅತ್ತೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಹೊರಡುವ ದಿನ ಹತ್ತಿರವಾದಂತೆ, ತಾವೇ ಮಗಳನ್ನು ಕೂರಿಸಿಕೊಂಡು ಹೇಳಲು ನೋಡಿದರು. ಬಸ್ಸು, ದೊಡ್ಡ ಮನೆ, ತುಂಬ ಮಕ್ಕಳು, ಊಟ, ಎಲ್ಲವನ್ನೂ ಕೈಯಲ್ಲಿ ಮಾಡಿದರು. ಚಂದ್ರ ಸಣ್ಣಗಾಗಿ ದೊಡ್ಡದಾಗುವುದನ್ನು ಬೆರಳಲ್ಲಿ ತೋರಿಸಿದರು. ಮಗಳು ಬಸ್ಸಿನವರೆಗೆ ಅರ್ಥ ಮಾಡಿಕೊಂಡು ಕುಣಿದಳು. ಚಂದ್ರನ ವಿಷಯ ಅವಳಿಗೆ ಹಿಡಿಯಲಿಲ್ಲ. ಆಕಾಶ ನೋಡಿ ಬಂದು, ಅಜ್ಜಿಯ ಮುಖ ನೋಡಿದಳು.

ಮೈಸೂರಿಗೆ ನಾನೊಬ್ಬಳೇ ಕರೆದುಕೊಂಡು ಹೋದೆ. ಅತ್ತೆ ಬರುವುದಿಲ್ಲ ಎಂದರು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸು ನಿಂತಾಗ ಮಗಳಿಗೆ ಕಡಲೆಪುರಿ ಕೊಡಿಸಿದೆ. ದಾರಿಯುದ್ದಕ್ಕೂ ಅವಳು ನನ್ನ ತೊಡೆಯ ಮೇಲೆ ಕೂತು ಕಿಟಕಿಯಿಂದ ಹೊರಗೆ ಕೈ ತೋರಿಸುತ್ತಿದ್ದಳು. ಎತ್ತು, ಗಾಡಿ, ಹೊಗೆಸೊಪ್ಪಿನ ಹೊಲ. ಅಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಅಷ್ಟೊಂದು ಮಾತಾಡಿದ್ದು ಅದೇ ಮೊದಲು.

ಶಾಲೆಯಲ್ಲಿ ಹುಡುಗಿಯರನ್ನು ನೋಡಿಕೊಳ್ಳುವ ಹೆಂಗಸು ಒಳ್ಳೆಯವಳು. "ಮೊದಲ ದಿನ ಎಲ್ಲರದೂ ಹೀಗೇ. ಅವಳು ಬೇರೆ ಏನಾದರೂ ನೋಡ್ತಿರುವಾಗ ನೀವು ಹೊರಟುಬಿಡಿ. ನೋಡಿದರೆ ಬಿಡಲ್ಲ" ಎಂದಳು. ಒಂದು ಕೋಣೆಯಲ್ಲಿ ಕಣ್ಣಿಲ್ಲದ ಒಬ್ಬ ಯುವಕ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ. ಮಗಳು ಅವನ ಎದುರು ಕುಕ್ಕರುಗಾಲಲ್ಲಿ ಕೂತು, ಅವನ ಬೆರಳನ್ನೇ ನೋಡುತ್ತ ಮೈಮರೆತಳು. ಆ ಹೆಂಗಸು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ಸದ್ದಾಗದಂತೆ ನಡೆಯಬೇಕಾದ ಅಗತ್ಯವೇ ಇರಲಿಲ್ಲ, ಆದರೂ ತುದಿಗಾಲಲ್ಲಿ ನಡೆದೆ.

ಗೇಟು ದಾಟಿ ರಸ್ತೆಗೆ ಬಂದ ಮೇಲೆ ಕೂಗು ಕೇಳಿಸಿತು. ಮನೆಯಲ್ಲಿ ಅವಳು ಬಿದ್ದು ಗಾಯ ಮಾಡಿಕೊಂಡರೂ ಅಷ್ಟಾಗಿ ಸದ್ದು ಮಾಡಿದವಳಲ್ಲ. ಅವಳಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಆದರೂ ಅದು ಅವಳದೇ ಎಂದು ಗೊತ್ತಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಜಟಕಾದವನು ಗಾಡಿ ನಿಧಾನ ಮಾಡಿ ಆ ಕಡೆ ನೋಡಿದ. ನಾನು ನಿಂತೆ. ಒಳಗೆ ಹೋಗಿ ಅವಳನ್ನು ಎತ್ತಿಕೊಂಡು ಕೋಟೆಯ ಬಸ್ಸು ಹತ್ತಬಹುದಿತ್ತು. ಅತ್ತೆ ಕುಣಿದಾಡುತ್ತಿದ್ದರು. ನಾನು ಜಟಕಾ ಹತ್ತಿ ಬಸ್ ಸ್ಟ್ಯಾಂಡಿಗೆ ಹೋಗು ಎಂದೆ.

ಮೊದಲ ರಜೆಗೆ ಕರೆತರಲು ಹೋದಾಗ ಅವಳು ಓಡಿ ಬರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಹಿಂದೆ ನೋಡಿದಳು, ಪಕ್ಕಕ್ಕೆ ಬಾಗಿ ಮತ್ತೂ ಹಿಂದೆ ನೋಡಿದಳು. ಅಜ್ಜಿ ಬಂದಿಲ್ಲವೆಂದು ತಿಳಿದ ಮೇಲೆ ತನ್ನ ಗಂಟು ತೆಗೆದುಕೊಂಡು ನನ್ನ ಜೊತೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಏನನ್ನೂ ಕೈ ತೋರಿಸಲಿಲ್ಲ.

ಮನೆಗೆ ಬಂದು ಅತ್ತೆಯ ಎದುರು ನಿಂತು, ಬಾಯಿ ಅಗಲ ತೆರೆದು, ಬಹಳ ಕಷ್ಟದಿಂದ ಒಂದು ಮಾತು ಹೊರಡಿಸಿದಳು. "ಅ-ಜಿ." ಮೂಗಿನಿಂದಲೂ ಗಂಟಲಿನಿಂದಲೂ ಸೇರಿ ಬಂದ, ಒಡೆದ ದನಿ. ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಉಣ್ಣೆ ಬುಟ್ಟಿಯನ್ನು ತಳ್ಳಿ ಎದ್ದು, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ ಕೂಗಿದರು: "ಕೂಸು ಮಾತಾಡ್ತು ಕಣ್ರವ್ವೋ! ನನ್ನ ಅಜ್ಜಿ ಅಂತು!" ಅವತ್ತು ನಾನು ಗೆದ್ದೆ ಎಂದುಕೊಂಡೆ. ಅತ್ತೆಯ ಕಡೆ ನೋಡಿ ನಕ್ಕೆ ಕೂಡ.

ಮುಂದಿನ ರಜೆಗಳಲ್ಲಿ ಅವಳು ಬರಬರುತ್ತ ಬೇರೆಯವಳಾದಳು. ಶಾಲೆಯ ಹುಡುಗಿಯರು ತಮ್ಮತಮ್ಮಲ್ಲೇ ಮಾಡಿಕೊಂಡ ಕೈಭಾಷೆ ಬೇರೆ ಇತ್ತು, ಬಲು ಚುರುಕು. ಅದನ್ನು ಅತ್ತೆಯ ಮೇಲೆ ಪ್ರಯೋಗಿಸುತ್ತಿದ್ದಳು. ಅತ್ತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ತಿಳಿಯದಿದ್ದಾಗ ಮಗಳು ಬೇಸರಪಟ್ಟು ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಅತ್ತೆಗೆ ಓದಲು ಬಾರದು. ಸ್ಲೇಟನ್ನು ನನ್ನ ಕೈಗೆ ಕೊಟ್ಟು, "ಏನಂತೆ ನೋಡವ್ವ" ಎನ್ನುತ್ತಿದ್ದರು. ಒಂದು ಸಂಜೆ ಕಾಳು ಆರಿಸುತ್ತ, ನನ್ನ ಮುಖ ನೋಡದೆ ಹೇಳಿದರು: "ಮೊದ್ಲಿನಂಗೆ ನನ್ ಕುಟೆ ಮಾತಾಡಲ್ಲ ಕಣವ್ವ ಅವಳು. ಓದ್ಲಿ ಬುಡು. ಒಳ್ಳೇದಾಯ್ತು." ಒಳ್ಳೆಯದಾಯಿತು ಎಂಬ ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮಗಳ ಓದು ಮುಗಿಯುವ ವರ್ಷ ಅತ್ತೆ ತೀರಿಕೊಂಡರು. ಎರಡು ದಿನ ಮಲಗಿದ್ದರು, ಅಷ್ಟೇ. ಮಗಳಿಗೆ ಹೇಳಿ ಕಳಿಸಲು ಹೊತ್ತಾಗಲಿಲ್ಲ. ಹೊತ್ತಿತ್ತೋ ಏನೋ, ಪರೀಕ್ಷೆ ಮುಗಿಸಿ ಬರಲಿ ಎಂದುಕೊಂಡೆ. ಅತ್ತೆ ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದೆ ಎಂದು ಹೊಳೆದದ್ದು ಮಣ್ಣು ಮಾಡಿ ಬಂದ ಮೇಲೆ. ಅವಳು ರಜೆಗೆ ಬಂದು ನೇರ ಜಗಲಿಗೆ ಹೋದಳು. ಬುಟ್ಟಿ ಇರಲಿಲ್ಲ. ನನ್ನ ಕಡೆ ತಿರುಗಿ ಹೆಬ್ಬೆರಳು ತೋರುಬೆರಳು ಹೊಸೆದಳು. ಎಲ್ಲಿ? ನಾನು ತುಟಿ ಅಲ್ಲಾಡಿಸಿ ಹೇಳಬಹುದಿತ್ತು, ಅವಳು ಓದಿಕೊಳ್ಳುತ್ತಿದ್ದಳು. ಆದರೆ ನನ್ನ ತುಟಿ ನೆಟ್ಟಗೆ ನಿಲ್ಲಲಿಲ್ಲ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಜಗಲಿಯ ಮೇಲೆ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಗೋಡೆಗೆ ಒರಗಿ ಕೂತಳು. ನನ್ನನ್ನು ಹತ್ತಿರ ಬರಗೊಡಲಿಲ್ಲ.

ಅವಳು ಹೊಲಿಗೆಯಲ್ಲಿ ಪಳಗಿ ಬಂದಿದ್ದಳು. ಕೆಲಸ ಹುಡುಕುವುದು ಮಾತ್ರ ಸುಲಭವಾಗಲಿಲ್ಲ. ಕೋಟೆಯ ಹೊಲಿಗೆಯವರು, "ಗಿರಾಕಿ ಹೇಳಿದ್ದು ಇವಳ್ಗೆಂಗೆ ಕೇಳಿಸ್ತದೆ?" ಎಂದು ಕಳಿಸಿಬಿಟ್ಟರು. ಯುದ್ಧದ ಕಾಲ ಅದು. ಹುಣಸೂರಿನಲ್ಲಿ ಸಿಪಾಯಿಗಳ ಅಂಗಿ ಹೊಲಿಯುವ ಕೆಲಸ ಬೇಕಾದಷ್ಟು ಬರುತ್ತಿದೆ ಎಂದು ಯಾರೋ ಹೇಳಿದರು. ಅಲ್ಲಿ ಒಬ್ಬ ಮುಸಲ್ಮಾನ ದರ್ಜಿ, ಮನೆಯ ಮುಂಭಾಗದಲ್ಲೇ ಮಿಷನ್ನುಗಳನ್ನು ಇಟ್ಟುಕೊಂಡಿದ್ದವರು. ನಾನು ಹೋಗಿ ಮಗಳ ಸಂಗತಿಯನ್ನು ಒಂದೂ ಮುಚ್ಚಿಡದೆ ಹೇಳಿದೆ.

ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಏನಂದ್ರಿ?" ಎಂದು ಕಿವಿಗೆ ಕೈ ಇಟ್ಟರು. ನಾನು ಮತ್ತೆ ಕೂಗಿ ಹೇಳಿದೆ. ನಕ್ಕುಬಿಟ್ಟರು. "ನೋಡಿ ಅಮ್ಮ, ಈ ಸದ್ದಲ್ಲಿ ನನಗೂ ಕೇಳಲ್ಲ, ನನ್ನ ಹೆಂಡ್ತಿಗೂ ಕೇಳಲ್ಲ. ಕರ್ಕೊಂಡು ಬನ್ನಿ. ಕೈ ನೋಡ್ತೀನಿ, ಕಿವಿ ಕಟ್ಕೊಂಡು ನನಗೇನಾಗಬೇಕು?"

ಕೈ ನೋಡಿದರು. ಅವತ್ತೇ ಕೂರಿಸಿಕೊಂಡರು. ಅವರ ಹೆಂಡತಿ ಒಳಗಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ಮಗಳು ಅವರ ಜೊತೆ, ಆ ಮನೆಯಲ್ಲೇ ಇರುವುದೆಂದಾಯಿತು. ನಮ್ಮ ಕುಲದವರು ಆಡಿಕೊಂಡರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅವಳನ್ನು ಬಿಟ್ಟು ಹೊರಡುವಾಗ, ಈ ಸಲ, ಎದುರಿಗೇ ನಿಂತು ಭುಜ ಹಿಡಿದು, ಭಾನುವಾರ ಬರುತ್ತೇನೆ ಎಂದು ನಿಧಾನವಾಗಿ ತುಟಿ ಅಲ್ಲಾಡಿಸಿ ಹೇಳಿದೆ. ಅವಳು ಸರಿ ಎಂದು ತಲೆ ಅಲ್ಲಾಡಿಸಿ ಕೆಲಸಕ್ಕೆ ತಿರುಗಿದಳು. ಅಷ್ಟು ಸುಲಭವಿತ್ತು ಅದು.

ಆರು ತಿಂಗಳು ಕಳೆದಿರಬಹುದು. ಒಂದು ಭಾನುವಾರ ಹೋದಾಗ ಅವಳೊಬ್ಬಳೇ ಮಿಷನ್ನಿನ ಮುಂದಿದ್ದಳು. ಮೈ ತುಂಬಿಕೊಂಡಿದ್ದಳು. ದರ್ಜಿಯ ಹೆಂಡತಿ ಒಳಗಿನಿಂದ ಬಂದು ಉರ್ದುವಿನಲ್ಲಿ ಏನೋ ಹೇಳಿ ಹೋದರು. ಮಗಳು ಅವರ ತುಟಿ ನೋಡಿ ನಕ್ಕು, ತಲೆ ಅಲ್ಲಾಡಿಸಿದಳು. ನನಗೆ ಆ ಮಾತು ತಿಳಿಯಲಿಲ್ಲ. ಇವಳು ಇದನ್ನು ಯಾವಾಗ ಕಲಿತಳು ಎಂದು ಕೇಳಲೂ ಇಲ್ಲ.

ಅವತ್ತು ಕೇಳಿಯೇ ಬಿಡಬೇಕೆಂದು ನಿಶ್ಚಯಿಸಿಕೊಂಡು ಹೋಗಿದ್ದೆ. ಬಾಯಿಂದ ಹೇಳಲು ಧೈರ್ಯ ಬರಲಿಲ್ಲ. ಗುರುತು ಹಾಕುವ ಬಿಳಿ ಸುಣ್ಣದ ತುಂಡನ್ನು ತೆಗೆದುಕೊಂಡು, ಮೇಜಿನ ಮೇಲೆ ಬಿದ್ದಿದ್ದ ಖಾಕಿ ಬಟ್ಟೆಯ ಚೂರಿನ ಮೇಲೆ ಬರೆದೆ: 'ನಿನ್ನನ್ನು ಬಿಟ್ಟು ಹೋದೆನಲ್ಲ, ನನ್ನ ಮೇಲೆ ಸಿಟ್ಟಿದೆಯಾ?'

ಅವಳು ಮಿಷನ್ ನಿಲ್ಲಿಸಿ ಓದಿದಳು. ಹುಬ್ಬು ಗಂಟು ಹಾಕಿಕೊಂಡು ಯೋಚಿಸಿದಳು. ಸುಣ್ಣ ತೆಗೆದುಕೊಂಡು ಕೆಳಗೆ ಬರೆದಳು.

'ಯಾವಾಗ?'

ಕೊಂಕಿಗೆ ಬರೆದದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು, ಸುಣ್ಣವನ್ನು ನನ್ನ ಕಡೆ ಚಾಚಿ ಕಾಯುತ್ತಿದ್ದಳು. ನಾನು ಯಾವುದನ್ನು ಬರೆಯಲಿ? ಬಸ್ಸನ್ನು ಬಾ ಬಾ ಎಂದು ಕರೆದ ದಿನವೇ, ಬೆತ್ತದ ಕುರ್ಚಿಯ ದಿನವೇ, ಅಜ್ಜಿ ಸತ್ತರೂ ಕರೆಸದ ದಿನವೇ? ಅಥವಾ ಚೀಲ ಹಾಕಿಕೊಂಡು ಹೊರಟ ಕೋಟೆಯ ಅಷ್ಟೂ ದಿನಗಳೇ? ಸುಣ್ಣವನ್ನು ಹಿಡಿದುಕೊಂಡೇ ನಿಂತೆ.

ಅವಳು ಆ ಬಟ್ಟೆಯ ಚೂರನ್ನು ಕೊಡವಿ ಪಕ್ಕಕ್ಕಿಟ್ಟಳು. ಎದ್ದು ಬಂದು ನನ್ನ ರವಿಕೆಯ ತೋಳನ್ನು ಹಿಡಿದು ನೋಡಿದಳು. ಹೊಲಿಗೆ ಬಿಟ್ಟಿತ್ತು. ನಾಚಿಕೆಗೇಡು ಎನ್ನುವಂತೆ ಮುಖ ಮಾಡಿ, ಕೊರಳಲ್ಲಿದ್ದ ಟೇಪು ತೆಗೆದು, ನನ್ನನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿದಳು. ನೆಟ್ಟಗೆ ನಿಲ್ಲು ಎಂದು ಬೆನ್ನಿಗೆ ಒಂದು ಏಟು ಕೊಟ್ಟು, ಭುಜದ ಅಳತೆ ತೆಗೆಯಲು ಶುರುಮಾಡಿದಳು.